ಸಹಾಯ ಬೇಕು: ಅಮ್ಮನನ್ನು ಜಯದೇವ ಆಸ್ಪತ್ರೆಗೆ ತೋರಿಸಬೇಕು, ಏನೇನು ತಯಾರಿ ಮಾಡಿಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಾವು ತಿಪಟೂರಿನವರು. ಅಮ್ಮನಿಗೆ 64 ವರ್ಷ, ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಒಂದು ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆ ಭಾರ ಅಂತಾರೆ, ಕೂತರೆ ಸರಿ ಹೋಗುತ್ತೆ. ಇಲ್ಲಿನ ಡಾಕ್ಟರ್ ಇಸಿಜಿ ನೋಡಿ, ಬೆಂಗಳೂರಿನ ಜಯದೇವದಲ್ಲಿ ತೋರಿಸಿ, ತಡ ಮಾಡಬೇಡಿ ಅಂದಿದ್ದಾರೆ. ಈ ಗುರುವಾರ ಹೊರಡುತ್ತಿದ್ದೇವೆ.

ನನ್ನ ದೊಡ್ಡ ಚಿಂತೆ ಬೇರೆಯೇ. ಮನೆಯಲ್ಲಿ ನರಳುವ ಅಮ್ಮ, ಡಾಕ್ಟರ್ ಮುಂದೆ ಕೂತ ತಕ್ಷಣ "ಏನಿಲ್ಲ ಸಾರ್, ಚೆನ್ನಾಗಿದ್ದೀನಿ" ಅಂದುಬಿಡುತ್ತಾರೆ. ಹೋದ ಸಲ ಒಂದು ಕಡೆ ಯಾವ ಮಾತ್ರೆ ಅಂತ ಕೇಳಿದಾಗ "ಬಿಳಿದು, ಸಣ್ಣದು" ಅಂದರು. ನನಗೂ ಹೆಸರು ಗೊತ್ತಿರಲಿಲ್ಲ. ತುಂಬಾ ಬೇಜಾರಾಯಿತು. ಈ ಸಲ ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿದ್ದೇನೆ. ನೋವು ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಅಂತ ದಿನಾ ಬರೆದಿಡುತ್ತಿದ್ದೇನೆ. ಅಮ್ಮನ ಮನಸ್ಸಿಗೆ ನೋವಾಗದ ಹಾಗೆ ನಾನೇ ಹೇಳುವುದು ಹೇಗೆ? ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ?

ಇನ್ನೊಂದು, ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಕಾ? ಸಕ್ಕರೆ ಮಾತ್ರೆ ನುಂಗಿ ಊಟ ತಪ್ಪಿದರೆ ಸಕ್ಕರೆ ಇಳಿದುಬಿಡುತ್ತೇನೋ ಅಂತ ಭಯ. ಬಿಪಿಎಲ್ ಕಾರ್ಡ್, ಆಧಾರ್ ಇವೆ. ಆಯುಷ್ಮಾನ್ ಯೋಜನೆಯಲ್ಲಿ ಚಿಕಿತ್ಸೆಗೆ ತಾಲ್ಲೂಕು ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಲಾ?

ರೈಲಿನಲ್ಲಿ ಯಶವಂತಪುರಕ್ಕೆ ಬಂದು, ಮೆಟ್ರೋದಲ್ಲಿ ಆರ್.ವಿ. ರೋಡ್‌ವರೆಗೆ ಹೋಗಿ, ಅಲ್ಲಿ ಜಯದೇವ ಕಡೆ ಹೋಗುವ ಹಳದಿ ಮಾರ್ಗಕ್ಕೆ ಬದಲಾಯಿಸುವ ಯೋಚನೆ. ಅಮ್ಮನಿಗೆ ನಡಿಗೆ ಜಾಸ್ತಿ ಆಗುತ್ತಾ, ಆಟೋನೇ ವಾಸಿನಾ? ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ. ಬೆಳಗ್ಗೆ ಎಷ್ಟು ಗಂಟೆಗೆ ಅಲ್ಲಿರಬೇಕು ಅನ್ನುವುದನ್ನೂ ಹೇಳಿ.