ಮಗಳು ಘಾನಾದ ಹುಡುಗನನ್ನು ಮದುವೆಯಾಗುತ್ತೇನೆ ಅಂತಾಳೆ: ಕುಟುಂಬ ಸಮಾಲೋಚಕಿಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹುಬ್ಬಳ್ಳಿಯ ಒಬ್ಬ ತಾಯಿ, ಹೆಸರು ಬೇಡ ಎಂದಿದ್ದಾರೆ):
ನಮಸ್ಕಾರ ಮೇಡಂ. ನಾವು ವಿದ್ಯಾನಗರದಲ್ಲಿ ಇದ್ದೇವೆ. ಮಗಳಿಗೆ 28 ವರ್ಷ. ಇಲ್ಲೇ ಇಂಜಿನಿಯರಿಂಗ್ ಮುಗಿಸಿ ಜರ್ಮನಿಗೆ ಓದಲು ಹೋದವಳು, ಈಗ ಅಲ್ಲೇ ಕೆಲಸದಲ್ಲಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, ಜೊತೆಗೆ ಓದಿದ ಘಾನಾ ದೇಶದ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಫೋಟೋನೂ ಕಳಿಸಿದಳು. ಅವತ್ತಿನಿಂದ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ. ನಮ್ಮ ಯಜಮಾನರು ಅವಳ ಜೊತೆ ಮಾತು ಬಿಟ್ಟಿದ್ದಾರೆ. ನೆಗೆಣ್ಣಿ "ಮನೆತನ ಗೊತ್ತಿಲ್ಲ, ಬೆಡಗು ಗೊತ್ತಿಲ್ಲ, ಹೆಂಗ ಕೊಡ್ತೀರಿ" ಅಂತಾಳೆ. ನಮ್ಮದು ಶರಣರನ್ನು ನಂಬುವ ಮನೆ, ಜಾತಿ ಅಂತ ಜಗಳಾಡಿದವರಲ್ಲ. ಆದರೂ ಇದು ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಅನಿಸುತ್ತದೆ. ಅವಳ ಮನಸ್ಸು ತಿರುಗಿಸುವುದು ಹೇಗೆ?

ಉತ್ತರ:
ಅಕ್ಕಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 28 ವರ್ಷದ ಮಗಳ ಮನಸ್ಸು ತಿರುಗಿಸುವ ದಾರಿ ನಾನು ಹೇಳಿಕೊಡಲಾರೆ. ಅದರ ಬದಲು ಒಂದು ಮಾತು ಕೇಳುತ್ತೇನೆ, ಇಲ್ಲಿ ಉತ್ತರ ಬರೆಯಬೇಡಿ, ಮನಸ್ಸಿನಲ್ಲೇ ಹೇಳಿಕೊಳ್ಳಿ.

ಅದೇ ಓದು, ಅದೇ ಕೆಲಸ, ಅದೇ ಸ್ವಭಾವ. ಆದರೆ ಹುಡುಗ ಜರ್ಮನಿಯ ಬಿಳಿಯವನು. ಆಗಲೂ ಯಜಮಾನರು ಮಾತು ಬಿಡುತ್ತಿದ್ದರಾ? ಆ ಹುಡುಗನಿಗೂ ಬೆಡಗು ಇರುತ್ತಿರಲಿಲ್ಲ. ಅವನಿಗೂ ರೊಟ್ಟಿ, ಎಣ್ಣೆಗಾಯಿ ಗೊತ್ತಿರುತ್ತಿರಲಿಲ್ಲ. ಬೇಜಾರು ಆಗಲೂ ಆಗುತ್ತಿತ್ತು, ನಿಜ. ಇಷ್ಟು ಆಗುತ್ತಿತ್ತಾ?

ನಾನು ಧಾರವಾಡದಲ್ಲಿ ಬಹಳ ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮೊದಲ ಸಲ ಬಂದಾಗ ಎಲ್ಲರೂ ಸಂಸ್ಕೃತಿ ಅಂತಾರೆ. ಎರಡು ಮೂರು ಸಲ ಕೂತು ಮಾತಾಡಿದ ಮೇಲೆ, ದನಿ ತಗ್ಗಿಸಿ "ಭಾಳ ಕರ್ರಗ ಇದ್ದಾನ್ರೀ" ಅಂತಾರೆ. ನಾನು ಅವರನ್ನು ಕೆಟ್ಟವರು ಅನ್ನುವುದಿಲ್ಲ. ಹೆಣ್ಣು ನೋಡಲು ಹೋದಾಗ ಬಣ್ಣ ನೋಡುವ, ಬಯೋಡೇಟಾದಲ್ಲಿ ಗೋಧಿ ಬಣ್ಣ ಅಂತ ಬರೆಸುವ ಮನೆಗಳಲ್ಲೇ ನಾವೆಲ್ಲ ಬೆಳೆದಿದ್ದೇವೆ. ಆದರೆ ಬಣ್ಣವನ್ನು ಬಣ್ಣ ಅಂತ ಒಪ್ಪಿಕೊಳ್ಳದಿದ್ದರೆ ಮಾತು ಮುಂದೆ ಹೋಗುವುದೇ ಇಲ್ಲ. ಮಗಳಿಗೂ ಅದು ಗೊತ್ತಾಗುತ್ತದೆ. ಅವಳಿಗೆ ಜಾಸ್ತಿ ನೋವಾಗುವುದು ಅಲ್ಲೇ.

ಇನ್ನು ಸಂಸ್ಕೃತಿ. ಘಾನಾದ ಅಕಾನ್ ಜನರಲ್ಲಿ ಮದುವೆಗೆ ಮುಂಚೆ 'ಬಾಗಿಲು ತಟ್ಟುವ' ಪದ್ಧತಿ ಇದೆ. ಹುಡುಗನ ಕಡೆಯ ಹಿರಿಯರು ಕಾಣಿಕೆ ಹಿಡಿದು ಹುಡುಗಿ ಮನೆಗೆ ಬಂದು, ನಿಮ್ಮ ಮಗಳನ್ನು ಕೇಳಲು ಬಂದಿದ್ದೇವೆ ಅಂತ ಕೂರುತ್ತಾರೆ. ನಮ್ಮಲ್ಲಿ ಹಿರಿಯರು ಹೆಣ್ಣು ಕೇಳಲು ಬರುವುದಿಲ್ಲವೇ, ಹಾಗೆಯೇ. ನಿಮಗೆ ಮನೆತನ ನೋಡಬೇಕು ಅಂತಿದೆ ಅಲ್ವಾ? ಅವನ ತಾಯಿಗೂ ನಿಮ್ಮ ಮನೆತನ ನೋಡಬೇಕು ಅಂತ ಇರಬಹುದು.

ಶರಣರನ್ನು ನಂಬುತ್ತೇವೆ ಎಂದಿರಿ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳ ಮದುವೆಯ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಒಂದನ್ನು ಮಾತ್ರ ನೆನಪಿಸುತ್ತೇನೆ. ಅಲ್ಲಿ ಮಕ್ಕಳ ಜೊತೆ ಗಟ್ಟಿಯಾಗಿ ನಿಂತವರು ಇಬ್ಬರು ಅಪ್ಪಂದಿರು. ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆಗೂ ಅವರು ಹಿಂದೆ ಸರಿಯಲಿಲ್ಲ. ಯಜಮಾನರಿಗೆ ಇದನ್ನು ಬೈಯುವ ಹಾಗೆ ಹೇಳಬೇಡಿ. ಊಟವಾದ ಮೇಲೆ, ಇಬ್ಬರೇ ಇದ್ದಾಗ ಹೇಳಿ.

ವಿಚಾರಣೆ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಯಾವ ಅಳಿಯನಿಗಾದರೂ ಕೇಳುವುದನ್ನೇ ಕೇಳಿ. ದುಡಿಮೆ ಏನು, ಸಾಲ ಎಷ್ಟು, ಕುಡಿಯುತ್ತಾನಾ, ಮೊದಲು ಮದುವೆಯಾಗಿತ್ತಾ, ಸಿಟ್ಟು ಬಂದಾಗ ಹೇಗಿರುತ್ತಾನೆ. ಘಾನಾದ ಆಡಳಿತ ಭಾಷೆ ಇಂಗ್ಲಿಷ್. ಹಾಗಾಗಿ ನೀವೇ ನೇರವಾಗಿ ಮಾತಾಡಬಹುದು.

ಪ್ರಶ್ನೆ (ಗದಗದ ಯುವಕ, ಬೆಂಗಳೂರಿನಲ್ಲಿ ಕೆಲಸ):
ಮೇಡಂ, ನಾನು ಮದುವೆಯಾಗಬೇಕೆಂದಿರುವ ಹುಡುಗಿ ಮಣಿಪುರದವಳು, ಕ್ರಿಶ್ಚಿಯನ್. ನಮ್ಮ ಕಾಕಾ ಅವಳನ್ನು 'ಚೀನಾದವಳು' ಅಂತಲೇ ಕರೆಯುತ್ತಾರೆ. ಅವ್ವ ಒಪ್ಪಿದ್ದಾರೆ. ಕಾನೂನು ಏನು ಹೇಳುತ್ತದೆ?

ಉತ್ತರ:
1954ರ ವಿಶೇಷ ವಿವಾಹ ಕಾಯ್ದೆ ನಿಮಗೆ ಅನ್ವಯಿಸುತ್ತದೆ. ಯಾರೂ ಧರ್ಮ ಬದಲಿಸಬೇಕಿಲ್ಲ. ನಿಮ್ಮಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಹಚ್ಚುತ್ತಾರೆ. 30 ದಿನ ಆಕ್ಷೇಪಣೆಗೆ ಬಿಡುತ್ತಾರೆ. ಆಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ಬೆಂಗಳೂರಿನಲ್ಲೇ ನೋಟಿಸ್ ಕೊಡುವುದು ಒಳ್ಳೆಯದು ಅಂತ ನನ್ನ ಸಲಹೆ. ಆ 30 ದಿನ ಸುಮ್ನೆ ಊರ ಬಾಯಿಗೆ ಬೀಳಬೇಡಿ.

ಬೆಳಗಾವಿ ಜಿಲ್ಲೆಯ ಮುರಗೋಡದ ಒಂದು ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ವಯಸ್ಸಿಗೆ ಬಂದ ಇಬ್ಬರು ಒಪ್ಪಿದ ಮೇಲೆ ಮನೆಯವರ, ಜಾತಿಯವರ ಒಪ್ಪಿಗೆ ಬೇಕಿಲ್ಲ ಎಂದಿದೆ. ಆದರೂ ಎಚ್ಚರ ಇರಲಿ. ಜಾತಿ ಮೀರಿ ಮದುವೆಯಾದ ಜೋಡಿಯನ್ನು ನಿಮ್ಮದೇ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ 2019ರಲ್ಲಿ ಕೊಂದರು. ನಾನು ಅದನ್ನು ಇನ್ನೂ ಮರೆತಿಲ್ಲ. ಯಾರಾದರೂ ಬೆದರಿಸಿದರೆ ಅವತ್ತೇ ಪೊಲೀಸರಿಗೆ ಬರೆದು ಕೊಡಿ.

ಕಾಕಾ ಅವರಿಗೆ ನೀವೇ ಹೇಳಬೇಕು, ಆ ಹುಡುಗಿಯ ಕೈಲಿ ಹೇಳಿಸಬೇಡಿ. "ಕಾಕಾ, ಅವಳ ಹೆಸರು ಇದು, ಹಿಂಗ ಕರೀರಿ" ಅನ್ನಿ. ಪ್ರತಿ ಸಲ ಅನ್ನಿ.

ಪ್ರತಿಕ್ರಿಯೆ (ಹಾವೇರಿಯ ಹಿರಿಯರು):
ಮಾತೆಲ್ಲ ಚೆಂದ. ಹುಟ್ಟುವ ಮಕ್ಕಳ ಗತಿ ಏನು? ಯಾವ ದೇಶದ ಮಂದಿಯೂ ಇದನ್ನು ಒಪ್ಪುವುದಿಲ್ಲ.

ಉತ್ತರ:
ಸರ್, ಒಪ್ಪದೆ ಇದ್ದದ್ದು ನಿಜ. ಅಮೆರಿಕದ ವರ್ಜೀನಿಯಾದಲ್ಲಿ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ಎಂಬ ದಂಪತಿ ಇದ್ದರು. ಅವನು ಬಿಳಿಯ, ಅವಳು ಬಿಳಿಯಳಲ್ಲ. 1958ರಲ್ಲಿ ರಾತ್ರಿ ಮಲಗಿದ್ದಾಗ ಪೊಲೀಸರು ಬಂದು ಹಿಡಿದರು. 25 ವರ್ಷ ಒಟ್ಟಿಗೆ ಈ ರಾಜ್ಯಕ್ಕೆ ಬರಬಾರದು ಎಂದಿತು ಕೋರ್ಟು. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನೇ ತೆಗೆದುಹಾಕಿತು. ಗ್ಯಾಲಪ್ ಸಂಸ್ಥೆ 1958ರಲ್ಲಿ ಕೇಳಿದಾಗ ಇಂಥ ಮದುವೆ ಸರಿ ಎಂದ ಅಮೆರಿಕನ್ನರು ಶೇ. 4. 2021ರಲ್ಲಿ ಶೇ. 94. ಒಂದು ಆಯುಷ್ಯದೊಳಗೇ ಇಷ್ಟು ಬದಲಾಯಿತು.

ಮಕ್ಕಳನ್ನು ಕಾಡುವುದು ಅವರ ಬಣ್ಣವಲ್ಲ ಸರ್, ಸುತ್ತಲಿನವರ ಮಾತು. ಅಜ್ಜ ಎತ್ತಿಕೊಂಡು ಓಣಿಯಲ್ಲಿ ಓಡಾಡಿದ ಮಗುವಿನ ಬಗ್ಗೆ ಓಣಿಯವರು ಎಷ್ಟು ದಿನ ಮಾತಾಡುತ್ತಾರೆ?

ಪ್ರತಿಕ್ರಿಯೆ (ಕಲಘಟಗಿ ತಾಲೂಕಿನ ಯುವಕ):
ನಾನು ಸಿದ್ದಿ. ನಮ್ಮ ಹಿರಿಯರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾ ಕಡೆಗೆ ತಂದರು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಈಗಲೂ ನನ್ನ ಜೊತೆ ಇಂಗ್ಲಿಷ್ ಮಾತಾಡುತ್ತಾರೆ. ಕನ್ನಡದಲ್ಲಿ ಉತ್ತರ ಕೊಟ್ಟರೆ ನಗುತ್ತಾರೆ. ಹುಬ್ಬಳ್ಳಿಯ ಆ ಅಮ್ಮ ಘಾನಾದ ಹುಡುಗನ ಜೊತೆ ಒಮ್ಮೆ ಮಾತಾಡಲಿ ಅಂತ ನನ್ನ ಆಸೆ.

ಉತ್ತರ:
ತಮ್ಮಾ, ನೀನು ಬರೆದದ್ದಕ್ಕೆ ತುಂಬಾ ಸಂತೋಷವಾಯಿತು. ಶಾಂತಾರಾಮ ಸಿದ್ದಿ ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ಹೋದಾಗ, ಸಿದ್ದಿಗಳು ಇಲ್ಲಿಯವರೇನು ಅಂತ ನನ್ನನ್ನೇ ಕೇಳಿದವರಿದ್ದರು. ಹುಬ್ಬಳ್ಳಿಯಿಂದ ಯಲ್ಲಾಪುರದ ರಸ್ತೆ ಹಿಡಿದರೆ ಸಿಗುವ ನಮ್ಮ ನೆರೆಯವರು ನೀವು. ನಮಗೇ ಗೊತ್ತಿಲ್ಲ ಅನ್ನುವುದು ನನಗೆ ನಾಚಿಕೆ ತರುತ್ತದೆ.

ಮತ್ತೆ ಹುಬ್ಬಳ್ಳಿಯ ತಾಯಿ:
ಎಲ್ಲ ಓದಿದೆ ಮೇಡಂ. ನೀವು ಕೇಳಿದ ಪ್ರಶ್ನೆಗೆ ಉತ್ತರ ಮನಸ್ಸಿನಲ್ಲೇ ಹೇಳಿಕೊಂಡೆ, ಅಳು ಬಂತು. ಇವರು ಇನ್ನೂ ಏನೂ ಅಂದಿಲ್ಲ. ಭಾನುವಾರ ವಿಡಿಯೋ ಕಾಲ್ ಮಾಡು ಅಂತ ಮಗಳಿಗೆ ಹೇಳಿದ್ದೇನೆ. ಆ ಹುಡುಗನಿಗೆ ಮೊದಲು ಏನು ಕೇಳಲಿ?

ಉತ್ತರ:
ಹೆಸರು ಕೇಳಿ ಅಕ್ಕಾ, ಅದರ ಅರ್ಥವನ್ನೂ ಕೇಳಿ. ಅಕಾನ್ ಜನರಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ, ಶುಕ್ರವಾರದ ಗಂಡು ಮಗು ಕೋಫಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಘಾನಾದವರೇ. ಆಮೇಲೆ ಅವನ ತಾಯಿ ಹೇಗಿದ್ದಾರೆ ಅಂತ ಕೇಳಿ. ಯಜಮಾನರು ಬಂದು ಕೂರದಿದ್ದರೂ ಪರವಾಗಿಲ್ಲ, ಅವರಿಗೆ ಕೇಳಿಸುವ ಹಾಗೆ ಪಡಸಾಲೆಯಲ್ಲೇ ಕೂತು ಮಾತಾಡಿ.