ಸೂಪರ್ ಮಾರಿಯೋ ಲ್ಯಾಂಡ್ 2: ವಿಮರ್ಶಕರನ್ನು ನಂಬಬೇಕೇ? ಆಡಿದವರ ಅನುಭವ

ಪ್ರಶ್ನೆ (ನ್ಯೂಜೆರ್ಸಿಯಿಂದ): ಮಗಳಿಗೆ ಎಂಟು ವರ್ಷ. ನಿಂಟೆಂಡೊ ಸ್ವಿಚ್‌ನ ಚಂದಾದಾರಿಕೆಯಲ್ಲಿ ಬರುವ ಹಳೆಯ ಗೇಮ್ ಬಾಯ್ (ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರ) ಆಟಗಳ ರುಚಿ ಹತ್ತಿದೆ. 'ಸೂಪರ್ ಮಾರಿಯೋ ಲ್ಯಾಂಡ್' ಮುಗಿಸಿದ್ದಾಳೆ, ಈಗ ಅದರ ಮುಂದಿನ ಭಾಗ '6 ಗೋಲ್ಡನ್ ಕಾಯಿನ್ಸ್' ಮೇಲೆ ಕಣ್ಣು. ವಿಮರ್ಶೆ ಓದಲು ಹೋದರೆ ತಲೆ ಕೆಡುತ್ತದೆ. ಅದು ಬಂದ ಕಾಲದವರು ಹೊಗಳಿ ಅಟ್ಟಕ್ಕೇರಿಸಿದ್ದಾರೆ. ಈಚಿನವರು 'ತೀರಾ ಸುಲಭ, ಕೊನೆಯ ಕೋಟೆ ಮಾತ್ರ ವಿಪರೀತ ಕಷ್ಟ' ಎಂದು ಮೂಗು ಮುರಿಯುತ್ತಾರೆ. ಆಡಿದವರು ದಯವಿಟ್ಟು ತಿಳಿಸಿ. ಹಳೆಯ ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸುವ, ಆಟ ತುಂಬಿದ ಡಬ್ಬಿ) ಕೊಂಡುಕೊಡುವ ಯೋಚನೆಯೂ ಇದೆ.

ಡಲ್ಲಾಸ್‌ನಿಂದ ಒಬ್ಬರು: ಮೇಡಂ, ಎರಡೂ ಕಡೆಯವರು ಹೇಳುವುದು ನಿಜವೇ. ಅಳೆಯುವ ಕೋಲು ಮಾತ್ರ ಬೇರೆ.

1989ರಲ್ಲಿ ಗೇಮ್ ಬಾಯ್ ಜೊತೆಗೇ ಬಂದ ಮೊದಲ ಆಟವನ್ನು ನಿಮ್ಮ ಮಗಳು ಈಗಷ್ಟೇ ಮುಗಿಸಿದ್ದಾಳಲ್ಲ, ಅವಳನ್ನೇ ಕೇಳಿ ನೋಡಿ. ಮಾರಿಯೋ ಬೆರಳ ತುದಿಯಷ್ಟೂ ಇಲ್ಲ. ಒಟ್ಟು 12 ಹಂತ. ಉಳಿಸಿಟ್ಟು ನಾಳೆ ಮುಂದುವರಿಸುವ ವ್ಯವಸ್ಥೆ ಆ ಕಾರ್ಟ್ರಿಜ್‌ನಲ್ಲಿ ಇರಲಿಲ್ಲ. ಆಮೆಯ ಮೇಲೆ ಹಾರಿ ಚಿಪ್ಪನ್ನು ಒದೆಯೋಣವೆಂದು ನಿಂತರೆ ಅದು ಬಾಂಬಿನಂತೆ ಸಿಡಿಯುತ್ತದೆ. ಚೆನ್ನಾಗಿ ಮಾರಾಟವಾಯಿತು, ಸುಮಾರು 1.8 ಕೋಟಿ ಪ್ರತಿ. ಆದರೆ ಟಿವಿಯ ಮೇಲೆ ಮಾರಿಯೋ ಆಡಿ ಬೆಳೆದವರಿಗೆ ಅದು ಯಾರದೋ ಮನೆಯ ಮಾರಿಯೋ ಅನ್ನಿಸುತ್ತಿತ್ತು. ಅನ್ನಿಸಿದ್ದರಲ್ಲಿ ತಪ್ಪಿಲ್ಲ, ಅದನ್ನು ಮಾಡಿದ್ದು ಮಾರಿಯೋನನ್ನು ಸೃಷ್ಟಿಸಿದ ಮಿಯಾಮೊಟೊ ಅವರ ತಂಡವಲ್ಲ, ನಿಂಟೆಂಡೊದಲ್ಲೇ ಇದ್ದ ಗುನ್ಪೈ ಯೊಕೊಯಿ ಅವರ ವಿಭಾಗ.

1992ರ ಕೊನೆಯಲ್ಲಿ ಅದೇ ವಿಭಾಗ, ಹಿರೋಜಿ ಕಿಯೊಟಾಕೆ ಅವರ ನಿರ್ದೇಶನದಲ್ಲಿ, ಎರಡನೆಯದನ್ನು ತಂದಿತು. ಕಾರ್ಟ್ರಿಜ್‌ನ ಸಾಮರ್ಥ್ಯ ಮೊದಲಿನದಕ್ಕಿಂತ ಎಂಟು ಪಟ್ಟು. ಮಾರಿಯೋ ದೊಡ್ಡವನಾದ, ಚಿಪ್ಪು ಸಿಡಿಯುವುದು ನಿಂತಿತು, ಮೂರು ಆಟಗಳನ್ನು ಉಳಿಸಿಡಬಹುದಾಯಿತು, ಆರು ವಲಯಗಳನ್ನು ಬೇಕಾದ ಕ್ರಮದಲ್ಲಿ ಆಡಬಹುದಾಯಿತು. ಮೊದಲ ಆಟವನ್ನು ಕೈಯಲ್ಲಿ ಹಿಡಿದಿದ್ದ ವಿಮರ್ಶಕನಿಗೆ ಇದು ಹಬ್ಬವಲ್ಲದೆ ಇನ್ನೇನು? ಈಚಿನವರು ಟಿವಿಯ ಮೇಲಿನ 'ಸೂಪರ್ ಮಾರಿಯೋ ವರ್ಲ್ಡ್' ಆಡಿ ಬಂದು ಇದಕ್ಕೆ ಅಂಕ ಹಾಕುತ್ತಾರೆ. ಆ ಲೆಕ್ಕಕ್ಕೆ ಇದರ ಜಿಗಿತ ತೇಲಿದಂತಿದೆ, ನಡಿಗೆ ನಿಧಾನ. ಪರದೆ ಇದ್ದದ್ದೇ 160 ಅಡ್ಡ, 144 ಉದ್ದ ಚುಕ್ಕೆಗಳಷ್ಟು. ಅದರಲ್ಲಿ ನಾಯಕನನ್ನು ದೊಡ್ಡದು ಮಾಡಿದರೆ ಮುಂದಿನ ದಾರಿ ಕಾಣುವುದು ಕಡಿಮೆಯಾಗುತ್ತದೆ. ನನ್ನ ಅಂದಾಜಿನಲ್ಲಿ, ಶತ್ರುಗಳು ವಿರಳವಾಗಿರುವುದಕ್ಕೂ ಆಟ ಸುಲಭವಾಗಿರುವುದಕ್ಕೂ ಅದೇ ಕಾರಣ. ನಿಮ್ಮ ಮಗಳು ಬರುತ್ತಿರುವುದು ಮೊದಲ ಭಾಗದಿಂದ. ಹಾಗಾಗಿ 1992ರವರ ಮಾತನ್ನೇ ನಂಬಿ.

ಮೈಸೂರಿನಿಂದ ಒಬ್ಬರು: ಮಕ್ಕಳಿಗೆ ಇದರ ಕಷ್ಟ ಸುಲಭ ಯಾವುದೂ ನೆನಪಿರುವುದಿಲ್ಲ, ಜಾಗಗಳು ನೆನಪಿರುತ್ತವೆ. ನೀರಾನೆಯ ವಿಗ್ರಹದ ಮೂಗಿನಿಂದ ಹೊರಟ ಗುಳ್ಳೆಯೊಳಗೆ ಕುಳಿತು ಮಾರಿಯೋ ಬಾಹ್ಯಾಕಾಶಕ್ಕೆ ಹೋಗುತ್ತಾನೆ. ಅಲ್ಲಿ ಗುರುತ್ವ ಕಡಿಮೆ. ಒಮ್ಮೆ ಹಾರಿದರೆ ಇಳಿಯಲು ಮನಸ್ಸಿಲ್ಲದವನಂತೆ ತೇಲುತ್ತಾನೆ. ಇನ್ನೊಂದು ವಲಯದಲ್ಲಿ ಮನೆಯೆಲ್ಲ ಬೃಹದಾಕಾರ, ಇರುವೆಗಳೂ ಮಾರಿಯೋನಿಗೆ ಎದುರಾಳಿ. ಮತ್ತೊಂದು ವಲಯವಂತೂ ಮಾರಿಯೋನದೇ ಯಾಂತ್ರಿಕ ಪ್ರತಿಮೆಯ ಹೊಟ್ಟೆ. ನನ್ನ ತಂಗಿಯ ಮಗ ಆ ಪ್ರತಿಮೆಯೊಳಗೆ ಹೋದವನು ಊಟಕ್ಕೆ ಕರೆದರೂ ಹೊರಗೆ ಬರಲಿಲ್ಲ.

ಟೊರೊಂಟೊದಿಂದ ಒಬ್ಬರು: ಕೊನೆಯ ಕೋಟೆಯ ಬಗ್ಗೆ ಯಾರೂ ಹೇಳಲಿಲ್ಲ, ನಿಮ್ಮ ನಿಜವಾದ ಚಿಂತೆ ಅದೇ ಅಲ್ಲವೇ? ವಿಮರ್ಶಕರು ಉತ್ಪ್ರೇಕ್ಷೆ ಮಾಡಿಲ್ಲ. ಉಳಿದ ಅನೇಕ ಹಂತಗಳಲ್ಲಿ ನಡುದಾರಿಯಲ್ಲಿ ಒಂದು ಗಂಟೆ ಇರುತ್ತದೆ. ಮುಟ್ಟಿ ಮುಂದೆ ಹೋದರೆ, ಸತ್ತಾಗ ಅಲ್ಲಿಂದಲೇ ಶುರು. ಆದರೆ ಕೊನೆಯದಾದ, ಈ ಆಟದ ಮುಖ್ಯ ಖಳ ವಾರಿಯೋನ ಕೋಟೆಯಲ್ಲಿ ಆ ಗಂಟೆ ಇಲ್ಲ. ಬೆಂಕಿ, ಮುಳ್ಳು ಎಲ್ಲ ದಾಟಿ ತುದಿ ತಲುಪಿದರೆ ಮೂರು ಕೋಣೆಗಳಲ್ಲಿ ಒಂದರ ಹಿಂದೆ ಒಂದರಂತೆ ವಾರಿಯೋನ ಜೊತೆ ಕಾಳಗ. ಎಲ್ಲಿ ಸತ್ತರೂ ಬಾಗಿಲಿನಿಂದ ಮತ್ತೆ. ಇರುವ ಜೀವಗಳೆಲ್ಲ ಮುಗಿದವೋ, ಕೋಟೆಯ ಬಾಗಿಲು ತೆರೆಯಲೆಂದು ಕಷ್ಟಪಟ್ಟು ಗೆದ್ದ ಚಿನ್ನದ ನಾಣ್ಯಗಳು ಹೋಗಿಬಿಡುತ್ತವೆ, ಆಯಾ ವಲಯದ ಖಳನನ್ನು ಪುನಃ ಸೋಲಿಸಿ ತರಬೇಕು. ಎಂಟು ವರ್ಷದ ಮಗುವಿಗೆ ಅಳು ಬರುವುದು ಇಲ್ಲೇ.

ನಮ್ಮ ಮನೆಯಲ್ಲಿ ಫಲಿಸಿದ ಉಪಾಯ: ಕೋಟೆಗೆ ಕಾಲಿಡುವ ಮೊದಲು ಜೀವಗಳನ್ನು ಗುಡ್ಡೆ ಹಾಕಿಕೊಳ್ಳುವುದು. ಈ ಆಟದಲ್ಲಿ ನೂರು ನಾಣ್ಯಕ್ಕೆ ಒಂದು ಜೀವ ಸಿಗುವುದಿಲ್ಲ. 999ರವರೆಗೆ ಕೂಡಿಟ್ಟು ಜೂಜಿನ ಯಂತ್ರದ ಮನೆಯಲ್ಲಿ ಪಣ ಒಡ್ಡಬೇಕು (ಮಕ್ಕಳ ಆಟದಲ್ಲಿ ಜೂಜೇ ಎಂದು ನನ್ನ ಹೆಂಡತಿ ಇನ್ನೂ ಗೊಣಗುತ್ತಾಳೆ). ಹಂತದ ಕೊನೆಯ ಬಾಗಿಲಿನ ಮೇಲಿರುವ ಗಂಟೆ ಬಾರಿಸಿದರೆ ಬೋನಸ್ ಆಟ ಸಿಗುತ್ತದೆ, ಅದನ್ನೂ ಬಿಡಬಾರದು. ಕ್ಯಾರೆಟ್ ತಿಂದರೆ ಮಾರಿಯೋನಿಗೆ ಮೊಲದ ಕಿವಿ ಬರುತ್ತದೆ. ಜಿಗಿಯುವ ಗುಂಡಿಯನ್ನು ಒತ್ತಿಯೇ ಹಿಡಿದರೆ ಕಿವಿ ಬಡಿಯುತ್ತ ಮೆಲ್ಲನೆ ಇಳಿಯುತ್ತಾನೆ. ಕೋಟೆಯಲ್ಲಿ ಬೆಂಕಿಯುಂಡೆ ಎಸೆಯುವ ಶಕ್ತಿ ಕೊಡುವ ಬೆಂಕಿಯ ಹೂವಿಗಿಂತ ಇದೇ ನಮಗೆ ಹೆಚ್ಚು ಕೆಲಸಕ್ಕೆ ಬಂತು. ಸ್ವಿಚ್‌ನಲ್ಲಾದರೆ ಆಟವನ್ನು ಹಿಂದಕ್ಕೆ ಸರಿಸುವ ಸೌಲಭ್ಯವೂ ಇದೆ. ಮೊದಲೇ ತೋರಿಸಿಕೊಡಬೇಡಿ, ಅವಳಾಗಿ ಬೇಸತ್ತು ಬಂದಾಗ ಹೇಳಿ.

ಹುಬ್ಬಳ್ಳಿಯಿಂದ ಒಬ್ಬರು: ನನ್ನದು ಭಿನ್ನಮತ. ಚೆಂದದ ಆಟ, ಆದರೆ ಸಪ್ಪೆ. ಹೆಚ್ಚಿನ ಹಂತಗಳಲ್ಲಿ ಒಂದೇ ರಾಗವನ್ನು ತಿರುಗಿಸಿ ಮುರುಗಿಸಿ ಬಾರಿಸುತ್ತಾರೆ. ಸಂಗೀತ ಕೊಟ್ಟ ಕಜುಮಿ ಟೊಟಾಕಾ ಅವರ ಜಾಣತನ ಎನ್ನುವವರಿದ್ದಾರೆ, ನನಗೆ ಅರ್ಧ ಗಂಟೆಗೆ ಸಾಕಾಗುತ್ತದೆ. ಇಲ್ಲಿ ಖಳನಾಗಿ ಮೊದಲ ಸಲ ಕಾಣಿಸಿಕೊಂಡ ವಾರಿಯೋನೇ ಈ ಆಟದ ನಿಜವಾದ ಗಳಿಕೆ. 1994ರ ಮೂರನೆಯ ಭಾಗದಲ್ಲಿ ಅವನನ್ನೇ ನಾಯಕನನ್ನಾಗಿ ಮಾಡಿದರು, ಸರಣಿಗೆ ಜೀವ ಬಂದದ್ದು ಆಗ. ಸಾಧ್ಯವಾದರೆ ನೇರ ಅಲ್ಲಿಗೆ ಹೋಗಿ.

ಡಲ್ಲಾಸ್‌ನವರೇ ಮತ್ತೆ: ಹುಬ್ಬಳ್ಳಿಯವರ ರಾಗದ ದೂರು ಒಪ್ಪುತ್ತೇನೆ. ಆದರೆ ಖಳನ ಪರಿಚಯವೇ ಇಲ್ಲದೆ ಅವನನ್ನು ನಾಯಕನಾಗಿ ನೋಡಿದರೆ ಅರ್ಧ ತಮಾಷೆ ಹೋಯಿತಲ್ಲ.

ಬೆಂಗಳೂರಿನಿಂದ ಒಬ್ಬರು (ಹಳೆಯ ಯಂತ್ರಗಳ ರಿಪೇರಿ ನನ್ನ ಹವ್ಯಾಸ): ಕಾರ್ಟ್ರಿಜ್ ವಿಷಯಕ್ಕೆ ಬರುತ್ತೇನೆ. ಆಟ ಉಳಿಯುವುದು ಒಳಗಿನ ನಾಣ್ಯದಾಕಾರದ ಬ್ಯಾಟರಿಯ ಬಲದಿಂದ. 1992ರ ಬ್ಯಾಟರಿ ಇಷ್ಟು ಹೊತ್ತಿಗೆ ಸತ್ತಿರುವ ಸಾಧ್ಯತೆಯೇ ಹೆಚ್ಚು. ಸತ್ತಿದ್ದರೂ ಆಟ ಸರಿಯಾಗಿ ಆರಂಭವಾಗುತ್ತದೆ. ಯಂತ್ರ ಆರಿಸಿ ಮತ್ತೆ ಹಾಕಿದಾಗ ಮೂರೂ ಜಾಗ ಖಾಲಿ. ಕೊಳ್ಳುವ ಮುನ್ನ ಮಾರುವವರಿಗೆ ಒಂದು ಹಂತ ಆಡಿ, ಆರಿಸಿ, ಮರುದಿನ ತೆರೆದು ತೋರಿಸಲು ಹೇಳಿ. ಬ್ಯಾಟರಿಗೆ ಲೋಹದ ಪಟ್ಟಿಗಳನ್ನು ಬೆಸೆದಿರುತ್ತಾರೆ. ಬದಲಿಸುವಾಗ ಪಟ್ಟಿಯಿರುವ ಹೊಸ ಬ್ಯಾಟರಿಯನ್ನೇ ತಂದು ಪಟ್ಟಿಗಷ್ಟೇ ಬೆಸುಗೆ ಹಾಕಬೇಕು, ಬರಿಯ ಬ್ಯಾಟರಿಗೆ ಬಿಸಿ ತಾಗಿಸಿದರೆ ಸಿಡಿಯಬಹುದು. ಟೇಪು ಸುತ್ತಿ ಕೂರಿಸಿದ ಸರಕು ಕಂಡರೆ ಮುಟ್ಟಬೇಡಿ. ಚಂದಾದಾರಿಕೆ ಹೇಗೂ ಇದೆಯಲ್ಲ, ಅಲ್ಲೇ ಆಡಲಿ. ಕೋಟೆ ಗೆದ್ದ ಮೇಲೂ ಕಾರ್ಟ್ರಿಜ್ ಬೇಕೆಂದರೆ ಆಗ ಕೊಡಿಸಿ.