ಹಲ್ಲಿನ ಮೇಲಿನ ತೆಳು ಪದರ: ‘ಪೊರೆ’ ಅನ್ನಬಹುದೇ?

ನಮಸ್ಕಾರ.

ಸೋಮವಾರಪೇಟೆ ಕಡೆಯ ಶಾಲೆಗಳ ಮಕ್ಕಳಿಗೆ ಹಲ್ಲಿನ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ಸಲೈವಾ. ‘ಲಾಲಾರಸ’ ಪರೀಕ್ಷೆಗೆ ಬಾಯಿಪಾಠ ಮಾಡುವ ಪದ. ‘ಉಗುಳು’ ಹೊರಗೆ ಬಿದ್ದದ್ದು, ‘ಜೊಲ್ಲು’ ಸುರಿದದ್ದು, ‘ಎಂಜಲು’ ಮುಟ್ಟಬಾರದ್ದು. ಪಂದಿಕರಿಗೆ ಕಾಚಂಪುಳಿ ಬಿದ್ದ ಘಮಕ್ಕೆ ಬಾಯಲ್ಲಿ ನೀರೂರುತ್ತೆ ಅಂತೀವಲ್ಲ, ಹಾಗಾಗಿ ‘ಬಾಯಿನೀರು’ ಅಂತ ಬರೆದಿದ್ದೇನೆ. ಇದು ಸಾಕು ಅನಿಸುತ್ತದೆ.

ಕಷ್ಟ ಇರುವುದು ಎರಡನೆಯದರಲ್ಲಿ, ಪೆಲಿಕಲ್. ಚೊಕ್ಕ ಮಾಡಿದ ಹಲ್ಲಿನ ಮೇಲೆ ಕೆಲವೇ ನಿಮಿಷಗಳಲ್ಲಿ ಬಾಯಿನೀರಿನ ಪ್ರೋಟೀನುಗಳು ಅಂಟಿಕೊಂಡು, ಕಣ್ಣಿಗೆ ಕಾಣದ ಒಂದು ಪದರ ಕಟ್ಟುತ್ತವೆ. ಅದರಲ್ಲಿ ಸ್ಟ್ಯಾಥೆರಿನ್ ಎಂಬ ಪ್ರೋಟೀನ್ ಇದೆ. ಬಾಯಿನೀರಿನ ಕ್ಯಾಲ್ಸಿಯಂ, ಫಾಸ್ಫೇಟ್ ಸುಮ್ನೆ ಗಟ್ಟಿಯಾಗಿ ಕೂರದಂತೆ ಅದು ತಡೆಯುತ್ತದೆ. ಹಾಗೆ ಕರಗಿಯೇ ಉಳಿದದ್ದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ರಿಪೇರಿಗೆ ಸಿಗುತ್ತದೆ. ಬಾಯಿನೀರು ಲೋಳೆಲೋಳೆಯಾಗಿ ಎಳೆ ಬರುವುದು ಇನ್ನೊಂದು ಪ್ರೋಟೀನಾದ ಮ್ಯೂಸಿನ್‌ನಿಂದ. ಹಲ್ಲು ಹುಳುಕು ಮಾಡುವ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಅಂಟದಂತೆ ಅದು ಅಡ್ಡಿ ಮಾಡುತ್ತದೆ. ಬೆಲ್ಲದ ಕಾಫಿ ಕುಡಿದ ಮೇಲೆ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ. ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಈ ಪದರ ಇದ್ದರೆ ಕರಗುವುದು ನಿಧಾನ.

ಇದನ್ನು ‘ಪಾಚಿ’ ಅನ್ನುವ ಹಾಗಿಲ್ಲ. ಹಲ್ಲಿಗೆ ಪಾಚಿ ಕಟ್ಟಿದೆ ಅಂದರೆ ಈ ಪದರದ ಮೇಲೆ ಬ್ಯಾಕ್ಟೀರಿಯಾ ಕೂತು ದಪ್ಪಗಾದದ್ದು. ಅದನ್ನು ಉಜ್ಜಿ ತೆಗೆಯಲೇಬೇಕು. ‘ರಕ್ಷಾಕವಚ’ ಅಂತ ಒಬ್ಬರು ಸೂಚಿಸಿದರು. ಅದೂ ಪೂರ್ತಿ ಸರಿಯಲ್ಲ, ಯಾಕಂದ್ರೆ ಮೊದಲು ಬರುವ ಕೆಲವು ಬ್ಯಾಕ್ಟೀರಿಯಾಗಳಿಗೆ ಕೂರಲು ಜಾಗ ಕೊಡುವುದೂ ಇದೇ ಪದರ. ಮಕ್ಕಳಿಗೆ ಅರ್ಧ ಸತ್ಯ ಹೇಳಲು ಮನಸ್ಸಿಲ್ಲ.

ನನ್ನ ಒಲವು ‘ಹಲ್ಪೊರೆ’ ಕಡೆಗೆ. ಪೊರೆ ಅಂದರೆ ತೆಳು ಪದರ, ಪೊರೆ ಅಂದರೆ ಕಾಪಾಡು. ಎರಡೂ ಇಲ್ಲಿ ಹೊಂದುತ್ತವೆ. ಆದರೆ ಮನೆಯ ಹಿರಿಯರಿಗೆ ಪೊರೆ ಅಂದ ಕೂಡಲೇ ನೆನಪಾಗುವುದು ಕಣ್ಣಿನ ಪೊರೆ, ಅಂದರೆ ಆಪರೇಷನ್ ಮಾಡಿ ತೆಗೆಸುವಂಥದ್ದು. ಅದನ್ನು ಕೇಳಿ ಯಾರಾದರೂ ಮಕ್ಕಳ ಹಲ್ಲನ್ನು ಇದ್ದಿಲು, ಉಪ್ಪು ಹಾಕಿ ಜಾಸ್ತಿ ತಿಕ್ಕಿಸಿದರೆ ಎನಾಮಲ್ಲೇ ಸವೆಯುತ್ತದೆ, ಅಲ್ವಾ?

ನಿಮ್ಮ ಊರಿನ ಮಾತಿನಲ್ಲಿ ಕಾಯಿಲೆಯ ನೆರಳಿಲ್ಲದೆ ‘ಪೊರೆ’ ಬಳಕೆಯಲ್ಲಿದೆಯೇ? ಮೊಟ್ಟೆಯ ಒಳಪೊರೆಗೆ, ಈರುಳ್ಳಿಯ ಎಸಳಿನ ಮೇಲಿನ ತೆಳು ಸಿಪ್ಪೆಗೆ ಏನು ಹೇಳುತ್ತೀರಿ? ಅರೆಭಾಷೆ, ಕೊಡವ ತಕ್ಕ್ ಆಡುವವರೂ ದಯವಿಟ್ಟು ತಿಳಿಸಿ. ಪದದ ಜೊತೆ, ಅದನ್ನು ಮನೆಯಲ್ಲಿ ಬಳಸುವ ಒಂದು ವಾಕ್ಯವನ್ನೂ ಬರೆದರೆ ಉಪಕಾರ.